ಮೂಲೆಯಲ್ಲಿ ಸೊನ್ನೆ

ಜೂನ್ 3, ಸೋಮವಾರ

ಈ ಪುಸ್ತಕ ಕಾರ್ಖಾನೆಯವರು ಕೊಟ್ಟಿದ್ದು. ಟೈಲ್ಸಿನ ದೋಷಗಳನ್ನು ಬರೆದಿಡಬೇಕಂತೆ. ಮುಂದಿನ ಕಡೆಯಿಂದ ಅವರ ದೋಷ ಬರೆಯುತ್ತೇನೆ, ಹಿಂದಿನ ಕಡೆಯಿಂದ ನನ್ನವು. ಇನ್ನೂರು ಹಾಳೆ ಇದೆ. ನನ್ನ ಕಡೆಯದೇ ಮೊದಲು ಮುಗಿದುಹೋದರೆ ಏನು ಹೇಳುವುದು ಅಂತ ಈಗಲೇ ಚಿಂತೆ. ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ಕೇಳಿದರೆ ಅಳಿಸಬಹುದು.

ಇವತ್ತು ನನ್ನನ್ನು ಬೆಲ್ಟಿನಿಂದ ಎತ್ತಿ ಡಿಸೈನ್ ರೂಮಿಗೆ ಹಾಕಿದರು. ಸುಡುವ ಗೂಡಿನಿಂದ ಬೆಲ್ಟಿನ ಮೇಲೆ ಬರುವ ಟೈಲುಗಳಲ್ಲಿ ಬಿರುಕು, ಕಲೆ, ಮುರಿದ ಅಂಚು ಕಂಡರೆ ಎತ್ತಿ ಪಕ್ಕಕ್ಕೆ ಹಾಕುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಕಳೆದ ತಿಂಗಳು ಉಳಿದ ಮೂವರು ಸೇರಿ ಹಾಕಿದ್ದಕ್ಕಿಂತ ನಾನೊಬ್ಬಳೇ ಜಾಸ್ತಿ ಹಾಕಿದ್ದೆ. ಮ್ಯಾನೇಜರು ಕರೆಯುತ್ತಾರೆ ಅಂದಾಗ ಕೆಲಸ ಹೋಯಿತು ಅಂದುಕೊಂಡೆ. ಮೆಟ್ಟಿಲು ಹತ್ತುವಾಗ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಅನ್ನುವುದೂ ಸೇರಿಕೊಂಡಿತು. ಕೆಲಸವೂ ಹೋಗಿ ಮನೆಯೂ ಸುಟ್ಟರೆ ಅತ್ತೆಗೆ ಯಾವುದನ್ನು ಮೊದಲು ಹೇಳುವುದು?

"ನೋಡಮ್ಮ, ನೀನು ಕೆಳಗಿದ್ರೆ ನಮ್ಮ ಅರ್ಧ ಮಾಲು ಕಸಕ್ಕೆ ಹೋಗುತ್ತೆ," ಅಂದರು ಮ್ಯಾನೇಜರು. "ಮೇಲೆ ಇರು. ಕಂಪ್ಯೂಟರಿನವರು ಕಲ್ಲು ಮಾಡ್ತಾರೆ, ನೀನು ನೋಡು, ಶೀಟಿಗೆ ಸೈನ್ ಹಾಕು." ಆಮೇಲೆ ನಾನು ಅಲ್ಲೇ ನಿಂತಿರುವಾಗಲೇ ಫೋನಿನಲ್ಲಿ ಯಾರಿಗೋ ಹೇಳಿದರು: "ಕಣ್ಣು ಚೆನ್ನಾಗಿದೆ, ಬಾಯಿಲ್ಲ. ನಮಗೆ ಬೇಕಾಗಿದ್ದೂ ಅದೇ."

ಬಡ್ತಿಯೋ ಶಿಕ್ಷೆಯೋ ತಿಳಿಯದೆ ಅತ್ತೆಯನ್ನು ಕೇಳಿದೆ.

"ಕುರ್ಚಿ ಕೊಟ್ರಾ?"

"ಕೊಟ್ರು."

"ಹಾಗಾದ್ರೆ ಬಡ್ತಿ. ಸಂಬಳ?"

"ಅಷ್ಟೇ."

"ಹಾಗಾದ್ರೆ ಶಿಕ್ಷೆ. ಕುರ್ಚಿ ಅಂತೂ ಉಳೀತಲ್ಲ, ಕೂತ್ಕೋ."

ಅತ್ತೆಗೆ ತಮಾಷೆ. ಅವರ ಮಗ ಹೋಗಿ ಆರು ವರ್ಷವಾಯಿತು, ಮನೆ ನಡೆಯುವುದು ನಾನು ತರುವುದರಲ್ಲಿ. ನನ್ನ ಭಯ ಕುರ್ಚಿಯದ್ದಲ್ಲ, ಸೈನಿನದು. ನನಗಿಂತ ಮುಂಚೆ ಮಾಲಿನ ಜೊತೆ ಹೋಗುವ ಶೀಟಿಗೆ ಸೈನ್ ಹಾಕುತ್ತಿದ್ದವರು ಒಬ್ಬ ಮೀಸೆಯವರು. ಬಿರುಕು ಬಿಟ್ಟ ಮಾಲು ಒಮ್ಮೆ ವಾಪಸ್ ಬಂತು. ಕಾರ್ಖಾನೆಯ ಯಜಮಾನರು ಶೀಟು ತರಿಸಿ ಕೆಳಗಿನ ಹೆಸರು ನೋಡಿದರು, ಮೀಸೆಯವರು ಸಂಜೆಯೊಳಗೆ ಮನೆಯಲ್ಲಿದ್ದರು. ಗೂಡನ್ನು ಅತಿ ಬಿಸಿ ಮಾಡಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಈಗಲೂ ಗೋಡೆಯ ಮೇಲೆ ಇದೆ: "ಸಹಿ ಮಾಡಿದವರೇ ಹೊಣೆ."

ಜೂನ್ 4, ಮಂಗಳವಾರ

ಕಂಪ್ಯೂಟರಿನವರು ನನ್ನನ್ನು "ಮೇಡಂ" ಅಂದರು. ಹಿಂದೆ ಯಾರು ನಿಂತಿದ್ದಾರೆ ಅಂತ ತಿರುಗಿ ನೋಡಿದೆ. ಗೋಡೆ ಇತ್ತು.

ಅವರಿಗೆ ಐವತ್ತರ ಹತ್ತಿರ. ತಲೆಯಲ್ಲಿ ಕೂದಲಿಲ್ಲ, ಕಿವಿಯಲ್ಲಿದೆ. ರೂಮಿನಲ್ಲಿ ಏಸಿ ಎಷ್ಟು ತಣ್ಣಗೆಂದರೆ ಕೆಳಗೆ ಗೂಡು ಉರಿಯುತ್ತಿದೆ ಅಂತ ನಂಬಿಕೆಯೇ ಬರುವುದಿಲ್ಲ. ನೆಗಡಿ ಆಗುತ್ತೆ, ನೆಗಡಿಯಾದರೆ ಕಣ್ಣಲ್ಲಿ ನೀರು ಬರುತ್ತೆ, ಕಣ್ಣಲ್ಲಿ ನೀರು ಬಂದರೆ ದೋಷ ಕಾಣುವುದಿಲ್ಲ.

ಇಲ್ಲಿ ನಡೆಯುತ್ತಿರುವುದು ಇಷ್ಟು. ಇದುವರೆಗೆ ನಿಜವಾದ ಕಲ್ಲಿನ ಫೋಟೋ ತಂದು ಟೈಲ್ಸಿನ ಮೇಲೆ ಅಚ್ಚು ಹಾಕುತ್ತಿದ್ದರು. ಒಂದು ಕಲ್ಲಿಗೆ ಎಂಟು ಫೋಟೋ. ಯಾವ ಹಾಲಿಗೆ ಹೋದರೂ ಒಂಬತ್ತನೇ ಟೈಲಿನಲ್ಲಿ ಮೊದಲನೇದರ ಕಲೆ ಮತ್ತೆ ಕಾಣುತ್ತೆ. ನನಗಂತೂ ಕಾಣುತ್ತೆ, ಅದಕ್ಕೇ ಮದುವೆ ಮನೆಗಳಲ್ಲಿ ನಾನು ಚಾವಣಿ ನೋಡುತ್ತೇನೆ. ಈಗ ಯಜಮಾನರಿಗೆ ಭೂಮಿಯ ಮೇಲೆ ಎಲ್ಲೂ ಇಲ್ಲದ ಕಲ್ಲು ಬೇಕು. ಅದನ್ನು ಕಂಪ್ಯೂಟರು ಲೆಕ್ಕ ಹಾಕಿ ಹುಟ್ಟಿಸುತ್ತದಂತೆ. ಹೆಸರು "ಕಲ್ಪಶಿಲೆ". ಕೆಳಗೆ "ಒಂದರಂತೆ ಇನ್ನೊಂದಿಲ್ಲ". ಕಲ್ಲು ಇನ್ನೂ ಹುಟ್ಟಿಲ್ಲ, ಅದರ ಗುಣಗಾನ ಆಗಲೇ ಸಾವಿರಾರು ಡಬ್ಬಗಳ ಮೇಲೆ ಅಚ್ಚಾಗಿ ಗೋಡೌನಿನಲ್ಲಿ ಕೂತಿದೆ.

ಮೊದಲ ಆರ್ಡರು ಮರೆವಿನ ಕಾಯಿಲೆ ಇರುವ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಿಂದ ಬಂದಿದೆ. ಎಂಬತ್ತು ಕೋಣೆ. ಪ್ರತಿ ಬಾಗಿಲ ಮುಂದೆಯೂ ಬೇರೆ ಬೇರೆ ಕಲ್ಲು ಇರಬೇಕು ಅಂತ ಅಲ್ಲಿಯ ಡಾಕ್ಟರಮ್ಮ ಕೇಳಿದ್ದಾರೆ. ನಂಬರು ಮರೆತವರು, ಹೆಸರು ಮರೆತವರು ಕೂಡ ಕಾಲಡಿಯ ಚಿತ್ರ ನೋಡಿ ನನ್ನ ಕೋಣೆ ಇದೇ ಅಂತ ಗುರುತಿಸುತ್ತಾರಂತೆ.

ಅಂದರೆ ಎರಡು ಕಲ್ಲು ಒಂದೇ ಥರ ಬಂದರೆ ಯಾರೋ ಒಬ್ಬರು ಬೇರೆಯವರ ಹಾಸಿಗೆಯಲ್ಲಿ ಮಲಗುತ್ತಾರೆ. ಕೆಳಗೆ ನನ್ನ ಸೈನ್ ಇರುತ್ತೆ.

ಜೂನ್ 7, ಶುಕ್ರವಾರ

"ಇದು ಗ್ರೇಡಿಯಂಟ್ ನಾಯ್ಸ್," ಅಂದರು ಕಂಪ್ಯೂಟರಿನವರು. ನಾನು ತಲೆಯಾಡಿಸಿದೆ. ಎಂಟನೇ ಕ್ಲಾಸಿನ ಗಣಿತದ ಪೀರಿಯಡ್ಡಿನಲ್ಲೂ ಹೀಗೇ ಆಡಿಸುತ್ತಿದ್ದೆ. ಅಮ್ಮ ಹಾಸಿಗೆ ಹಿಡಿದಾಗ ವರ್ಷದ ನಡುವೆ ಸ್ಕೂಲು ಬಿಟ್ಟು ಬಂದೆ. ಪುಸ್ತಕ ವಾಪಸ್ ಕೊಟ್ಟೆ, ತಲೆಯಾಡಿಸುವುದನ್ನು ಮಾತ್ರ ಜೊತೆಗೆ ತಂದೆ.

"ಅರ್ಥ ಆಗ್ಲಿಲ್ಲ ಅಲ್ವಾ?"

ಇದಕ್ಕೂ ತಲೆಯಾಡಿಸಿದೆ. ಅವರು ನಕ್ಕು, ಬೆಂಕಿಪೊಟ್ಟಣ ತಂದು ನೆಲದ ಮೇಲೆ ಕೂತರು. ನೆಲದ ಟೈಲಿನ ಚೌಕಗಳು ಸೇರುವ ಮೂಲೆ ಮೂಲೆಗೂ ಒಂದೊಂದು ಕಡ್ಡಿ ಇಟ್ಟರು, ಅದರ ತಲೆ ಯಾವ ದಿಕ್ಕಿಗೆ ಅಂತ ನೋಡದೆ.

"ಕಡ್ಡಿ ತಲೆ ಇರೋ ಕಡೆಗೆ ಹೋದ್ರೆ ಏರು, ಬಾಲದ ಕಡೆಗೆ ಹೋದ್ರೆ ಇಳಿಜಾರು. ಈಗ ಒಂದು ಚೌಕದೊಳಗೆ ಎಲ್ಲಾದ್ರೂ ನಿಂತ್ಕೊಳ್ಳಿ. ನಾಲ್ಕು ಮೂಲೆ ಕಡ್ಡಿಗಳೂ ಒಂದೊಂದು ಮಾತು ಹೇಳ್ತವೆ. ಒಂದು ನೀನು ಮೇಲಿದ್ದೀಯ ಅನ್ನುತ್ತೆ, ಇನ್ನೊಂದು ಕೆಳಗಿದ್ದೀಯ ಅನ್ನುತ್ತೆ. ಹತ್ತಿರ ಇರೋದರ ಮಾತು ಜಾಸ್ತಿ ಕೇಳ್ಬೇಕು, ದೂರದ್ದು ಕಮ್ಮಿ. ಎಲ್ಲಾ ನುಣ್ಣಗೆ ಬೆರೆಸಿದ್ರೆ ಬರೋದೇ ನಿಮ್ಮ ಎತ್ತರ. ಎತ್ತರಕ್ಕೆ ಬಿಳಿ ಬಣ್ಣ, ತಗ್ಗಿಗೆ ಕಪ್ಪು, ನಡುವಿಗೆ ಬೂದು."

"ನಾಲ್ಕು ಜನ ನಾದಿನಿಯರು ಇದ್ದಾಗ ನಮ್ಮ ಮನೇಲೂ ಹೀಗೇ ಇತ್ತು," ಅಂದೆ. ಬಾಯಿಂದ ಜಾರಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಹೀಗೆ ಒಂದು ದೊಡ್ಡ ಅಲೆ. ಚೌಕದ ಅಳತೆ ಅರ್ಧ ಮಾಡಿ ಅದರ ಮೇಲೆ ಇನ್ನೊಂದು, ಮತ್ತೆ ಅರ್ಧ ಮಾಡಿ ಮತ್ತೊಂದು. ಎಲ್ಲ ಕೂಡಿಸಿದರೆ ಪರದೆಯ ಮೇಲೆ ಕಲ್ಲು. ಮೋಡ ಬೇಕಾದರೆ ಮೋಡ, ಮರದ ಹಲಗೆ ಬೇಕಾದರೆ ಹಲಗೆ, ಎಲ್ಲಕ್ಕೂ ಇವೇ ಕಡ್ಡಿಗಳಂತೆ.

"ಮೂಲೆ ಮೇಲೇ ನಿಂತ್ರೆ?" ಅಂತ ಕೇಳಿದೆ.

"ಅಲ್ಲಿ ಸೊನ್ನೆ. ಕಡ್ಡಿ ಎಷ್ಟು ಏರು ತೋರಿಸಿದ್ರೂ ನೀವು ಅಲ್ಲಿಂದ ಒಂದು ಹೆಜ್ಜೆನೂ ಇಟ್ಟಿಲ್ವಲ್ಲ. ಯಾವ ಮೂಲೆಗೆ ಹೋದ್ರೂ ಸೊನ್ನೆನೇ. ಯಾಕೆ ಕೇಳಿದ್ರಿ?"

"ನಾನು ಸಾಮಾನ್ಯವಾಗಿ ಅಲ್ಲೇ ನಿಲ್ಲೋದು."

ನಗಬೇಕೋ ಬೇಡವೋ ತಿಳಿಯದೆ ಅವರು ಕಡ್ಡಿಗಳನ್ನು ಆರಿಸಿ ಪೊಟ್ಟಣಕ್ಕೆ ಹಾಕಿದರು.

ಜೂನ್ 11, ಮಂಗಳವಾರ

ಎರಡು ದೋಷ ಹೇಳಿದೆ. ಹೇಳುವ ಮುಂಚೆ ಒಂದು ಗಂಟೆ ಬೆವರಿದೆ, ಆ ಏಸಿಯಲ್ಲಿ.

ಒಂದು, ಕಲ್ಲಿನ ಗೆರೆಗಳು ನೆಟ್ಟಗೆ ಅಡ್ಡಕ್ಕೋ ಉದ್ದಕ್ಕೋ ಹೋಗುತ್ತವೆ, ಓರೆಯಾಗಿ ಹೋಗಲು ಸೋಮಾರಿತನ. ಎರಡು, ಮೂಗಿನಂಥ ಒಂದು ಗುರುತು ಇದೆ. ಮೂರನೇ ಟೈಲಿನ ಬಲಗಡೆ. ಅದೇ ಮೂಗು ಎಷ್ಟೋ ದೂರದಲ್ಲಿ ಇನ್ನೊಂದು ಸಲ ಬರುತ್ತದೆ.

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಗೆರೆ ಹಾಗೆ ಹೋಗೋದು ಕೆಳಗಡೆ ಚೌಕ ಇರೋದ್ರಿಂದ. ಇಷ್ಟು ವರ್ಷದಲ್ಲಿ ಇದನ್ನ ಒಬ್ಬರೂ ಕಂಡು ಹಿಡಿದು ಹೇಳಿರಲಿಲ್ಲ. ಮೂಗೂ ನಿಜ. ಕಡ್ಡಿಗಳ ದಿಕ್ಕು ಒಂದು ಪಟ್ಟಿಯಿಂದ ಬರುತ್ತೆ. ಇನ್ನೂರೈವತ್ತಾರು ಸಾಲು. ಮುಗಿದ್ರೆ ಮತ್ತೆ ಮೊದಲಿಂದ."

ಅಷ್ಟರಲ್ಲಿ ಮ್ಯಾನೇಜರು ಬಂದರು. "ಇನ್ನೂರೈವತ್ತಾರು ಚೌಕ ನೆಲ ನೋಡ್ಕೊಂಡು ನಡೆಯೋನು ಯಾರು? ಗಿರಾಕಿ ತಲೆ ಎತ್ಕೊಂಡು ನಡೀತಾನೆ."

"ಡಬ್ಬದ ಮೇಲೆ ಒಂದರಂತೆ ಇನ್ನೊಂದಿಲ್ಲ ಅಂತ…" ಅಂದೆ.

"ಡಬ್ಬದ ಮೇಲೆ ಬರೆಯೋದು ಓದಲಿ ಅಂತ. ನಂಬಲಿ ಅಂತ ಅಲ್ಲ."

ಅವರು ಹೋದ ಮೇಲೆ ಕಂಪ್ಯೂಟರಿನವರು ಪಟ್ಟಿಯನ್ನು ಬಹಳ ಉದ್ದ ಮಾಡಿದರು, ಕಡ್ಡಿಗಳಿಗೆ ಓರೆ ದಿಕ್ಕುಗಳನ್ನೂ ಹೆಚ್ಚು ಕೊಟ್ಟರು. ಮೂಗು ಹೋಯಿತು. ಅವರ ಕೆಲಸದಲ್ಲಿ ತಪ್ಪು ತೆಗೆದಿದ್ದಕ್ಕೆ ಒಳಗೊಳಗೇ ಸಿಟ್ಟು ಬಂದಿರಬಹುದು. ಟೀ ಕೊಟ್ಟರು. ಸಿಟ್ಟು ಬಂದವರೂ ಕೆಲವೊಮ್ಮೆ ಟೀ ಕೊಡುತ್ತಾರೆ.

ಜೂನ್ 14, ಶುಕ್ರವಾರ

ನೆಗಡಿ. ಹೇಳಿದ್ದೆ ತಾನೆ.

ಜೂನ್ 24, ಸೋಮವಾರ

ಕಂಪ್ಯೂಟರಿನವರ ಅಮ್ಮನಿಗೆ ಕಣ್ಣಿನ ಆಪರೇಷನ್. ಹತ್ತು ದಿನ ರಜೆ. ಹೋಗುವಾಗ ಪರದೆಯ ಅಂಚಿಗೆ ಚೀಟಿ ಅಂಟಿಸಿದ್ದರು: "ದಯವಿಟ್ಟು ಸಂಖ್ಯೆ ಮುಟ್ಟಬೇಡಿ."

ಹತ್ತು ಗಂಟೆಗೆ ಮ್ಯಾನೇಜರು ಬಂದು ಆ ಕುರ್ಚಿಯಲ್ಲಿ ಕೂತರು. ಮೊದಲು ಕುರ್ಚಿಯ ಎತ್ತರ ಸರಿಮಾಡಿಕೊಂಡರು, ಆಮೇಲೆ ಚೀಟಿ ಕಿತ್ತು ಕಸದ ಬುಟ್ಟಿಗೆ ಹಾಕಿದರು. ಪರದೆಯಲ್ಲಿ ಒಂದು ಖಾನೆ ಇದೆ, ಒಂದು ಚುಕ್ಕೆಯಿಂದ ಪಕ್ಕದ ಚುಕ್ಕೆಗೆ ಹೋಗುವಾಗ ಚೌಕದಲ್ಲಿ ಎಷ್ಟು ದೂರ ಸರಿಯಬೇಕು ಅಂತ ಅದರಲ್ಲಿ ಬರೆಯುವುದು. ಅದರಲ್ಲಿ 0.037 ಅಂತ ಇತ್ತು.

"ಇದೇನಿದು, ಪಾಯಿಂಟ್ ಸೊನ್ನೆ ಮೂರು ಏಳು? ಯಜಮಾನರಿಗೆ ಕೊಡೋ ವರದಿಲಿ ಇದನ್ನ ಹೇಗೆ ಬರೆಯೋದು? ದುಂಡಗೆ ಇರ್ಬೇಕು. ಒಂದು ಮಾಡೋಣ."

"ಮುಟ್ಟಬೇಡಿ ಅಂದಿದ್ರು," ಅಂದೆ. ಅಂದೆನೋ, ಅಂದುಕೊಂಡೆನೋ.

"ಏನಂದೆ?"

"ಏನಿಲ್ಲ ಸಾರ್."

1 ಹೊಡೆದರು. ಪರದೆಯ ಮೇಲಿದ್ದ ಕಲ್ಲು ಮಾಯವಾಗಿ ಬೂದು ಬಣ್ಣವಷ್ಟೇ ಉಳಿಯಿತು, ತೊಳೆದಿಟ್ಟ ಸ್ಲೇಟಿನ ಹಾಗೆ. ಮ್ಯಾನೇಜರು ಸ್ವಲ್ಪ ಹೊತ್ತು ನೋಡಿ, "ಇನ್ನೂ ಲೋಡ್ ಆಗ್ತಿದೆ," ಅಂದರು. ಅಚ್ಚಿಗೆ ಕಳಿಸುವ ಗುಂಡಿ ಒತ್ತಿ ತಿಂಡಿಗೆ ಹೋದರು.

ಸಂಜೆಯವರೆಗೂ ಗೂಡಿನಿಂದ ಬೂದು ಟೈಲ್ಸು ಬಂತು. ಬೆಲ್ಟಿನ ಹೆಂಗಸರು ಬಿರುಕಿಲ್ಲ, ಕಲೆಯಿಲ್ಲ ಅಂತ ಎಲ್ಲವನ್ನೂ ಪಾಸು ಮಾಡಿದರು. ಅವರ ತಪ್ಪೇನಿದೆ? ಅಂಥ ಚೊಕ್ಕ ಟೈಲ್ಸು ಈ ಕಾರ್ಖಾನೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

ನನಗೆ ಬೆಳಗ್ಗೆಯೇ ಗೊತ್ತಿತ್ತು. ಹೆಂಗಸರ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಜೂನ್ 25, ಮಂಗಳವಾರ

ಅಡುಗೆಮನೆಯ ನೆಲದ ಮೇಲೆ ಕಡ್ಡಿ ಜೋಡಿಸಿದೆ.

"ಪೊಟ್ಟಣ ಪೂರ್ತಿ ನೆಲಕ್ಕೆ ಸುರಿದ್ಯಲ್ಲ, ಒಲೆ ಏನಿಟ್ಟು ಹಚ್ಲಿ?" ಅಂದರು ಅತ್ತೆ.

"ಅತ್ತೆ, ಈ ಮೂಲೆ ಮೇಲೆ ನಿಂತ್ಕೊಳ್ಳಿ."

"ಯಾಕೆ?"

"ನೀವೆಷ್ಟು ಎತ್ತರ ನೋಡ್ಬೇಕು."

"ಐದಡಿ ಇದ್ದೆ. ನಿನ್ನ ಗೋಳು ಕೇಳಿ ಕೇಳಿ ನಾಲ್ಕೂವರೆಗೆ ಇಳಿದಿದೀನಿ."

ನಿಂತರು. ಒಂದು ಚೌಕ ಪೂರ್ತಿ ದಾಟಿಸಿದೆ. ಮತ್ತೆ ಮೂಲೆ. ಇನ್ನೊಂದು ದಾಟಿಸಿದೆ, ಮತ್ತೆ ಮೂಲೆ. ಅಷ್ಟೇ ಆಗಿರುವುದು. ಒಂದು ಅಂತ ಹಾಕಿದರೆ ಕಂಪ್ಯೂಟರು ಇಡುವ ಪ್ರತಿ ಹೆಜ್ಜೆಯೂ ಮೂಲೆಯ ಮೇಲೇ ಬೀಳುತ್ತದೆ, ಎಲ್ಲ ಮೂಲೆಯಲ್ಲೂ ಸೊನ್ನೆ. ಅದರ ಮೇಲಿನ ಸಣ್ಣ ಅಲೆಗಳಿಗೆ ಹೆಜ್ಜೆ ಎರಡು ಚೌಕ, ನಾಲ್ಕು ಚೌಕ, ಎಂಟು ಚೌಕ. ಅವೂ ಮೂಲೆಯಿಂದ ಮೂಲೆಗೆ ಹಾರುತ್ತವೆ. ಸೊನ್ನೆಗೆ ಸೊನ್ನೆ ಎಷ್ಟು ಕೂಡಿಸಿದರೂ ಬೂದು.

"ನಡೆಸಿದ್ದು ಸಾಕು, ಕಾಲು ನೋಯ್ತಿದೆ," ಅಂದರು ಅತ್ತೆ. "ಇವತ್ತೇನು, ಗ್ಯಾಸ್ ನೋಡಕ್ಕೆ ಬೀದಿ ತುದಿಯಿಂದ ವಾಪಸ್ ಬರಲೇ ಇಲ್ಲ?"

ಮರೆತಿರಬೇಕು.

ಜೂನ್ 26, ಬುಧವಾರ

ಮ್ಯಾನೇಜರು ಬೂದು ಟೈಲ್ಸು ನೋಡಿ ಆಗಿದೆ. ಎರಡು ಕಾಗದ ತಂದರು. ಮೊದಲನೆಯದರಲ್ಲಿ ನಾನು ಇಪ್ಪತ್ತನಾಲ್ಕನೇ ತಾರೀಖು ಬೆಳಗ್ಗೆ ಮಾದರಿ ನೋಡಿ ಒಪ್ಪಿದ್ದೇನೆ ಅಂತ ಇದೆ. ಎರಡನೆಯದರಲ್ಲಿ ಕಂಪ್ಯೂಟರಿನವರು ಮಾಡಿದ ವ್ಯವಸ್ಥೆಯೇ ಕೆಟ್ಟಿತ್ತು, ನಾನು ಕಣ್ಣಾರೆ ಕಂಡೆ ಅಂತ ಇದೆ. ಮೊದಲನೆಯದಕ್ಕೆ ಸೈನ್ ಹಾಕಿದರೆ ನಾನು ಮನೆಗೆ, ಎರಡನೆಯದಕ್ಕೆ ಹಾಕಿದರೆ ಅವರು. ಮೂರನೆಯ ಕಾಗದ ಯಾಕೋ ಟೈಪಾಗಿರಲಿಲ್ಲ.

"ಯಾವುದಾದ್ರೂ ಒಂದಕ್ಕೆ ಹಾಕಮ್ಮ, ನಿನ್ನಿಷ್ಟ. ನಾನು ಯಾರನ್ನೂ ಬಲವಂತ ಮಾಡೋನಲ್ಲ."

ತಲೆ ಸುತ್ತುತ್ತಿದೆ ಅಂದೆ. ಸುತ್ತುತ್ತಲೂ ಇತ್ತು. ಶುಕ್ರವಾರ ಯಜಮಾನರು ಬರುತ್ತಾರೆ, ಅಷ್ಟರೊಳಗೆ ಸುತ್ತುವುದು ನಿಲ್ಲಬೇಕು ಅಂದರು.

ಜೂನ್ 28, ಶುಕ್ರವಾರ

ಕೂತು ಪೂರ್ತಿ ಬರೆಯುತ್ತೇನೆ.

ಯಜಮಾನರು ಬೂದು ಟೈಲು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು, ಕಲ್ಲು ಹಿಂಬದಿಗೆ ಅಚ್ಚಾಗಿರಬಹುದೇನೋ ಅನ್ನುವ ಹಾಗೆ.

"ಸಾಫ್ಟ್‌ವೇರ್ ಕೈ ಕೊಡ್ತು ಸಾರ್," ಅಂದರು ಮ್ಯಾನೇಜರು. "ಈಕೆ ನೋಡಿದಾಳೆ."

"ನೀನು ಯಾರಮ್ಮ?"

"ಶೀಟಿಗೆ ಸೈನ್ ಹಾಕೋಳು ಸಾರ್."

"ಹಾಕಿದ್ಯಾ?"

"ಇಲ್ಲ ಸಾರ್. ಸಾಫ್ಟ್‌ವೇರ್ ಸರಿಯಾಗೇ ಇದೆ. ಪೂರ್ತಿ ಸಂಖ್ಯೆ ಹಾಕಿದ್ರೆ ಹೀಗೇ ಬರೋದು."

"ಎಂಟನೇ ಕ್ಲಾಸು ಓದಿದಾಳೆ ಸಾರ್," ಅಂತ ಮ್ಯಾನೇಜರು ನಕ್ಕರು.

"ಎಂಟೂ ಪೂರ್ತಿ ಇಲ್ಲ ಸಾರ್, ಅರ್ಧ ವರ್ಷದ ಪರೀಕ್ಷೆವರೆಗೆ," ಅಂದೆ. ಸರಿಯಾದ ಲೆಕ್ಕ ಹೇಳುವುದು ಒಳ್ಳೆಯದು. "ನೀವೇ ಯಾವುದಾದ್ರೂ ಪೂರ್ತಿ ಸಂಖ್ಯೆ ಹೊಡೆದು ನೋಡಿ ಸಾರ್."

ಯಜಮಾನರು 7 ಹೊಡೆದರು. ಬೂದು. 100 ಹೊಡೆದರು. ಬೂದು. ತಮ್ಮ ವಯಸ್ಸು ಹೊಡೆದರು. ಅದೂ ಬೂದು, ಯಾರೂ ನಗಲಿಲ್ಲ. ಕಾರಿನ ನಂಬರು ಹೊಡೆದರು, ಅದು ಬಹಳ ದುಡ್ಡು ಕೊಟ್ಟು ಪಡೆದ ನಂಬರಂತೆ. ಬೂದು.

"ಈಗ ಸೊನ್ನೆ ಪಾಯಿಂಟ್ ಸೊನ್ನೆ ಮೂರು ಏಳು."

ಪರದೆಯ ತುಂಬ ಕಲ್ಲು ಬಂತು. ಬಿಳಿ ನರಗಳು, ಒಳಗೆಲ್ಲೋ ಒಂದು ಹಸಿರು ನೆರಳು. ಯಜಮಾನರ ಬಾಯಿ ಹಾಗೇ ತೆರೆದುಕೊಂಡಿತು. ಯಾಕೆ ಹೀಗೆ ಅಂತ ಕೇಳಿದರು. ಕಡ್ಡಿ, ಮೂಲೆ, ಏರು, ಇಳಿಜಾರು ಎಲ್ಲ ಹೇಳಿದೆ. ಅವರಿಗೆ ನನ್ನ ಮಾತಿನ ಕಡೆ ಗಮನವೇ ಇರಲಿಲ್ಲ. 0.05, 0.02, 0.3 ಅಂತ ಹೊಡೆಯುತ್ತಾ ಮುಕ್ಕಾಲು ಗಂಟೆ ಕೂತುಬಿಟ್ಟರು.

ಕೊನೆಗೆ ನೆನಪು ಬಂತು. "ಅದ್ಸರಿ, ಒಂದು ಅಂತ ಹಾಕಿದ್ದು ಯಾರು?"

ನಾನು ಮ್ಯಾನೇಜರ ಮುಖ ನೋಡಿದೆ. ಅವರು ಬೂದು ಟೈಲನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದರು.

"ಒಂದು ಪ್ರಯೋಗ ಮಾಡಿದ್ವಿ ಸಾರ್. ಈಗೆಲ್ಲ ಕಡೆ ಸರಳತೆ ನಡೀತಿದೆ. ನೋಡಿದ್ರೆ ಮನಸ್ಸಿಗೆ ಒಂಥರ ಶಾಂತಿ."

ಯಜಮಾನರು ನೋಡಿದರು. ಶಾಂತಿ ಬಂದಿರಬೇಕು. ಆ ಟೈಲಿಗೆ "ಪ್ರಶಾಂತ" ಅಂತ ಅಲ್ಲೇ ಹೆಸರಿಟ್ಟು, ಹೊಸ ಯೋಚನೆ ಮಾಡಿದ್ದಕ್ಕೆ ಮ್ಯಾನೇಜರ ಬೆನ್ನು ತಟ್ಟಿ ಹೋದರು. ಎರಡು ಕಾಗದಗಳೂ ನನ್ನ ಮುಂದೆಯೇ ಉಳಿದವು. ಬುಟ್ಟಿಗೆ ಹಾಕಿದೆ.

ಅತ್ತೆಗೆ ಹೇಳಿದರೆ, "ಬೆಪ್ಪನ ಬೆನ್ನು ತಟ್ಟಿ ನಿನಗೇನು ಕೊಟ್ರು?" ಅಂದರು.

ಏನೂ ಇಲ್ಲ. ಆದರೆ ಹಸಿವಾಗಿತ್ತು, ಎರಡು ಸಲ ಬಡಿಸಿಕೊಂಡೆ.

ಜುಲೈ 2, ಮಂಗಳವಾರ

ಮರೆವಿನವರ ಮನೆಗೆ ಮಾಲು ಶುಕ್ರವಾರ ಹೊರಡಬೇಕು. ಕಲ್ಪಶಿಲೆ ಅಚ್ಚಾಗಿಲ್ಲ, ಕಂಪ್ಯೂಟರಿನವರು ಬಂದಿಲ್ಲ. ಗೋಡೌನಿನಲ್ಲಿ ಇರುವುದು ಪ್ರಶಾಂತ.

"ಅದನ್ನೇ ಕಳಿಸ್ತೀವಿ," ಅಂದರು ಮ್ಯಾನೇಜರು. ಡಬ್ಬ ಅದೇ ಹಳೇ ಡಬ್ಬ, "ಒಂದರಂತೆ ಇನ್ನೊಂದಿಲ್ಲ". ಶೀಟಿನಲ್ಲೂ ಅದೇ ಮಾತು: ಪ್ರತಿಯೊಂದನ್ನೂ ಪರೀಕ್ಷಿಸಲಾಗಿದೆ, ಒಂದರಂತೆ ಇನ್ನೊಂದಿಲ್ಲ. ಕೆಳಗೆ ಸಹಿಗೆ ಜಾಗ.

"ಎಲ್ಲಾ ಒಂದೇ ಥರ ಇದೆಯಲ್ಲ ಸಾರ್."

"ಬರಿಗಣ್ಣಿಗೆ ಹಾಗನ್ಸುತ್ತೆ. ಸೂಕ್ಷ್ಮವಾಗಿ ವ್ಯತ್ಯಾಸ ಇದ್ದೇ ಇರುತ್ತೆ."

"ಸೊನ್ನೆಗೂ ಸೊನ್ನೆಗೂ ಎಂಥ ವ್ಯತ್ಯಾಸ ಸಾರ್? ಅಲ್ಲಿ ಎಂಬತ್ತು ಜನ ಬಾಗಿಲು ಹುಡುಕ್ಬೇಕು."

"ಅವ್ರಿಗೆ ನಿನ್ನೆ ಏನು ತಿಂದ್ವಿ ಅನ್ನೋದೇ ನೆನಪಿರಲ್ಲ. ಯಾವ ಕಲ್ಲು ಹಾಕಿದ್ರೇನು? ದೂರು ಕೊಡಬೇಕು ಅಂತ ಎದ್ದು ಹೊರಟ್ರೂ ದಾರೀಲಿ ಮರೀತಾರೆ." ತಮ್ಮ ಮಾತಿಗೆ ತಾವೇ ನಕ್ಕರು. ನಾನು ನಗದಿದ್ದದ್ದು ನೋಡಿ ನಿಲ್ಲಿಸಿದರು. "ಗುರುವಾರ ಸಂಜೆಯೊಳಗೆ ಸೈನ್ ಬೇಕು. ಇಲ್ಲಾಂದ್ರೆ ಶುಕ್ರವಾರದಿಂದ ಬರ್ಬೇಡ."

ರಾತ್ರಿ ಊಟದಲ್ಲಿ ಅತ್ತೆಗೆ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು.

"ನಾಳೆ ನನಗೂ ಮರೆವು ಬಂದು ಅಲ್ಲಿಗೇ ಸೇರಿಸ್ತೀಯ ಅಂತಿಟ್ಕೋ. ಬಾಗಿಲು ತಪ್ಪಿ ಯಾವನೋ ಮುದುಕನ ಕೋಣೆಗೆ ಹೋಗ್ತೀನಿ. ಮರ್ಯಾದೆ ಹೋಗೋದು ನಂದಾ, ನಿನ್ನ ಮ್ಯಾನೇಜರದ್ದಾ?"

"ನಿಮ್ಮದೇ."

"ಸೈನು?"

"ನಂದು."

"ಸರಿ, ಸಾರು ಹಾಕು. ಕೆಲಸ ಹೋದ್ರೆ ಹೋಗ್ಲಿ, ಇಬ್ರೂ ಹಗಲಿಡೀ ಕೂತು ಜಗಳ ಆಡೋಣ. ನನಗೂ ಈಗ ಆಡಕ್ಕೆ ಯಾರೂ ಸಿಗಲ್ಲ."

ಜುಲೈ 4, ಗುರುವಾರ

ಕಂಪ್ಯೂಟರಿನವರು ಬಂದರು. ಅಮ್ಮನಿಗೆ ಕಣ್ಣು ಕಾಣುತ್ತಿದೆಯಂತೆ, ಮನೆ ಎಷ್ಟು ಕೊಳಕಾಗಿದೆ ಅಂತ ಬೈಯುತ್ತಿದ್ದಾರಂತೆ. ಎಂಬತ್ತು ಬೇರೆ ಬೇರೆ ಕಲ್ಲು ಮಾಡಿ ಅಚ್ಚಾಗಲು ಒಂದು ವಾರ ಸಾಕು ಅಂದರು. ಮ್ಯಾನೇಜರು ಒಂದು ದಿನವೂ ಕೊಡುವುದಿಲ್ಲ ಅಂದರು.

ಶೀಟು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದೆ. ಸಹಿಯ ಜಾಗದ ಮೇಲೆ "ಷರಾ" ಅಂತ ಒಂದು ಖಾನೆ ಇದೆ. ಹನ್ನೊಂದು ವರ್ಷದಲ್ಲಿ ಅದರಲ್ಲಿ ಯಾರೂ ಏನೂ ಬರೆದಿದ್ದು ನಾನು ನೋಡಿಲ್ಲ. "ಒಂದರಂತೆ ಇನ್ನೊಂದಿಲ್ಲ" ಅನ್ನುವುದನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಷರಾದಲ್ಲಿ ಬರೆದೆ:

"ಎಲ್ಲವೂ ಒಂದೇ ಥರ ಇವೆ. ಎಂಬತ್ತು ಬಾಗಿಲಿಗೂ ಒಂದೇ ಬೂದು ಕಲ್ಲು. ಕಲ್ಲು ಬಿಡಿಸುವ ಸಂಖ್ಯೆಯನ್ನು ತಪ್ಪಾಗಿ ಹಾಕಿದ್ದರಿಂದ ಹೀಗಾಗಿದೆ. ಸರಿಯಾದ ಮಾಲು ಒಂದು ವಾರದಲ್ಲಿ ಮಾಡಬಹುದು. ನಾನೇ ನೋಡಿದ್ದೇನೆ."

ಕೆಳಗೆ ಪೆನ್ನಿನಲ್ಲಿ ಸೈನ್ ಹಾಕಿದೆ. ಮ್ಯಾನೇಜರ ಟೇಬಲಿಗೆ ಕೊಂಡೊಯ್ದು ಬಿಡಿಸಿಯೇ ಇಟ್ಟೆ, ಮುಚ್ಚಿ ಮರೆಮಾಡಲಿಲ್ಲ. ಅವರು ಫೋನಿನಲ್ಲಿದ್ದರು. ಶೀಟಿನ ತಳ ನೋಡಿದರು, ಸೈನ್ ಇತ್ತು. "ಈಗ ಬುದ್ಧಿ ಬಂತು," ಅಂದು ಅದರ ಮೇಲೆ ಸೀಲು ಗುದ್ದಿ ಲಾರಿಯವರ ಕೈಗೆ ಕೊಟ್ಟರು.

ಓದಿದರೆ ಓದಲಿ ಅಂತಲೇ ಇಟ್ಟಿದ್ದೆ. ಅವರು ಓದದೇ ಇದ್ದರೆ ನಾನೇನು ಮಾಡಲಿ?

ಜುಲೈ 9, ಮಂಗಳವಾರ

ಲಾರಿ ಹೋದ ಹಾಗೇ ವಾಪಸ್ ಬಂತು. ಒಂದು ಡಬ್ಬವನ್ನೂ ಒಡೆದಿಲ್ಲ. ಶೀಟಿನಲ್ಲಿ ನನ್ನ ಬರಹದ ಕೆಳಗೆ ಡಾಕ್ಟರಮ್ಮ ಬರೆದಿದ್ದಾರೆ: "ಓದಿದೆ. ಒಂದು ವಾರ ಕಾಯುತ್ತೇವೆ. ಮುಂದಿನ ಮಾಲನ್ನೂ ಇವರೇ ನೋಡಿ ಸಹಿ ಮಾಡಿರಬೇಕು, ಇಲ್ಲದಿದ್ದರೆ ಆರ್ಡರು ರದ್ದು."

ಯಜಮಾನರು ಮೂವರನ್ನೂ ಕರೆದರು. ಶೀಟನ್ನು ಮೇಜಿನ ಮೇಲೆ ಹರಡಿದರು.

"ಸೀಲು ಯಾರದ್ದು?"

"ನಂದೇ ಸಾರ್," ಅಂದರು ಮ್ಯಾನೇಜರು. "ಆದ್ರೆ ಈಕೆ ಹೀಗೆಲ್ಲ ಬರೆದಿದಾಳೆ ಅಂತ…"

"ಓದಲಿಲ್ವಾ?"

ಮ್ಯಾನೇಜರು ಸೀಲಿನ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದರು. ಕಂಪ್ಯೂಟರಿನವರು ಕಿವಿ ಕೆರೆದುಕೊಂಡರು.

ಯಜಮಾನರು ನನ್ನ ಕಡೆ ತಿರುಗಿದರು. "ಗೋಡೆ ಮೇಲೆ ಏನು ಬರೆದಿದೆ ಗೊತ್ತಾ?"

"ಗೊತ್ತು ಸಾರ್. ನಾನು ಬರೆದಿದ್ದಕ್ಕೆ ನಾನೇ ಹೊಣೆ. ಯಾವ ಸಾಲು ಸುಳ್ಳು, ಹೇಳಿ."

ಅವರು ಓದಿದರು. ಇನ್ನೊಂದು ಸಲ ಓದಿದರು. ನಾನು ನಿಂತು ನಿಂತು ಕಾಲು ನೋವು ಬಂದಿತ್ತು, ಪಕ್ಕದ ಕುರ್ಚಿಯಲ್ಲಿ ಕೂತುಕೊಂಡೆ. ಯಾರೂ ಏಳು ಅನ್ನಲಿಲ್ಲ.

"ಹೋಗಿ, ಆ ಎಂಬತ್ತು ಕಲ್ಲು ಮಾಡಿ," ಅಂದರು ಕೊನೆಗೆ.

ಜುಲೈ 16, ಮಂಗಳವಾರ

ಎಂಬತ್ತೂ ಆಯಿತು. ನೆಲದ ಮೇಲೆ ಹರಡಿಸಿ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ಮೂರು ದಿನ ನೋಡಿದೆ. ಹದಿನೇಳನೆಯದೂ ಅರವತ್ತೆರಡನೆಯದೂ ಹತ್ತಿರ ಹತ್ತಿರ ಇದ್ದವು, ಒಂದನ್ನು ಬದಲಾಯಿಸಿ ಅಂದೆ, ಬದಲಾಯಿಸಿದರು. ನಲವತ್ತನೆಯದರಲ್ಲಿ ಒಂದು ಬಾತುಕೋಳಿ ಇದೆ. ತೆಗೆಯಲಾ ಅಂದರು ಕಂಪ್ಯೂಟರಿನವರು. ಬೇಡ, ಆ ಕೋಣೆಯವರು ಬೇಗ ಗುರುತು ಹಿಡಿಯುತ್ತಾರೆ, ಅದು ಬೇರೆಲ್ಲೂ ಮತ್ತೆ ಬರದ ಹಾಗೆ ಪಟ್ಟಿ ಮಾತ್ರ ಇನ್ನೊಮ್ಮೆ ಉದ್ದ ಮಾಡಿಡಿ ಅಂದೆ.

ಮ್ಯಾನೇಜರು ಅಲ್ಲೇ ಇದ್ದಾರೆ. ಪ್ರಶಾಂತ ಬೇರೆ ಕಡೆ ಚೆನ್ನಾಗಿ ಮಾರಾಟವಾಗುತ್ತಿದೆ, ಅದಕ್ಕಾಗಿ ಅವರಿಗೆ ಒಂದು ಫಲಕ ಕೊಟ್ಟಿದ್ದಾರೆ. ಆ ಫಲಕವೂ ಬೂದು. ಇಂಥದ್ದು ಇನ್ನೊಮ್ಮೆ ಆಗದಿರಲು ಏನು ಮಾಡಬೇಕು ಅಂತ ಎರಡು ಗಂಟೆ ಮೀಟಿಂಗ್ ಮಾಡಿ, ಶೀಟಿನಿಂದ ಷರಾ ಖಾನೆಯನ್ನು ತೆಗೆದುಹಾಕಲು ತೀರ್ಮಾನಿಸಿದ್ದಾರೆ.

ಹೊಸ ಶೀಟು ಇವತ್ತು ಬಂತು. ನೋಡಿದೆ. ಎರಡೂ ಬದಿ ಅಂಚಿನಲ್ಲಿ ಬೇಕಾದಷ್ಟು ಜಾಗ ಬಿಟ್ಟಿದ್ದಾರೆ.